ಪಾಸ್‌ವರ್ಡ್ ಹಾಕಿದ್ರೂ ಸರ್ವರ್ ಬೀಳುತ್ತೆ! ಏನಿದು ರೆಡಿಸ್ ದೋಷ? ಅಂಗಡಿಯವರು ಏನು ಮಾಡಬೇಕು?

ಸಂತೆ ದಿನ ಅಂಗಡಿ ತುಂಬ ಗಿರಾಕಿ ಇರುವಾಗಲೇ ಆನ್‌ಲೈನ್ ಬಿಲ್ಲಿಂಗ್ ನಿಂತರೆ ಎಲ್ಲರೂ ಮೊದಲು ಬೈಯೋದು ನೆಟ್‌ವರ್ಕ್‌ಗೆ. ಆದರೆ ತೊಂದರೆ ದೂರದ ಸರ್ವರ್‌ನ ಮೆಮೊರಿಯಲ್ಲೂ ಇರಬಹುದು. 2025ರ ಏಪ್ರಿಲ್‌ನಲ್ಲಿ ಬಹಿರಂಗವಾದ ರೆಡಿಸ್ ಸಾಫ್ಟ್‌ವೇರ್ ದೋಷ ಇಂಥದ್ದೇ. ಇದರ ದಾಖಲೆ ಸಂಖ್ಯೆ ಸಿವಿಇ-2025-21605.

ರೆಡಿಸ್ ಅಂದ್ರೇನು?

ಕಿರಾಣಿ ಅಂಗಡಿಯಲ್ಲಿ ಜಾಸ್ತಿ ಹೋಗೋ ಸಾಮಾನು ಕೈಗೆ ಸಿಗೋ ಹಾಗೆ ಕೌಂಟರ್ ಪಕ್ಕದಲ್ಲೇ ಇರುತ್ತೆ, ಉಳಿದದ್ದು ಗೋಡೌನ್‌ನಲ್ಲಿ. ಪ್ರತಿ ಗಿರಾಕಿಗೂ ಗೋಡೌನ್‌ಗೆ ಓಡಿದ್ರೆ ವ್ಯಾಪಾರ ಆಗಲ್ಲ. ಹಾಗೇ ವೆಬ್‌ಸೈಟ್, ಆ್ಯಪ್‌ಗಳೂ ಪದೇ ಪದೇ ಬೇಕಾಗೋ ಮಾಹಿತಿಯನ್ನು ರ್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತವೆ. ಇದಕ್ಕೆ ಕ್ಯಾಶ್ ಅಂತಾರೆ. ಇಟಲಿಯ ಸಾಲ್ವಟೋರೆ ಸ್ಯಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್ ಈ ಕೆಲಸಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ದೋಷ ಎಲ್ಲಿದೆ?

ರೆಡಿಸ್ ಉತ್ತರ ಕಳಿಸುವ ಮುಂಚೆ ಅದನ್ನು ಔಟ್‌ಪುಟ್ ಬಫರ್ ಎಂಬ ಜಾಗದಲ್ಲಿ ಇಡುತ್ತೆ. ಸಾಮಾನ್ಯ ಕ್ಲೈಂಟ್‌ಗಳಿಗೆ ಈ ಜಾಗಕ್ಕೆ ಮಿತಿಯೇ ಇರಲಿಲ್ಲ. ಒಬ್ಬ ಬಂದು ಒಂದೇ ಸಮನೆ ಉದ್ರಿ ಕೇಳ್ತಾನೆ ಅಂದುಕೊಳ್ಳಿ. ನೀವು ಪ್ರತಿ ಸಲ 'ಉದ್ರಿ ಇಲ್ಲ' ಅಂತ ಚೀಟಿ ಬರೆದಿಡ್ತೀರಿ. ಅವನು ಒಂದೂ ಚೀಟಿ ಒಯ್ಯಲ್ಲ, ಕೇಳೋದನ್ನೂ ಬಿಡಲ್ಲ. ಕೊನೆಗೆ ಕೌಂಟರ್ ತುಂಬಾ ಚೀಟಿಯೇ, ಸಾಮಾನು ಇಡೋಕೆ ಜಾಗ ಇಲ್ಲ.

ಇಲ್ಲೂ ಅದೇ ಕಥೆ. ಪಾಸ್‌ವರ್ಡ್ ಕೊಡದೆ ಬಂದವರಿಗೆ ರೆಡಿಸ್ 'ಮೊದಲು ಲಾಗಿನ್ ಆಗಿ' ಅಂತ ಉತ್ತರ ಬರೆಯುತ್ತೆ. ದಾಳಿಕೋರ ಅದನ್ನು ತಗೊಳ್ಳದೆ ಕೇಳ್ತಾನೇ ಇದ್ರೆ ಉತ್ತರಗಳು ಪೇರಿಕೊಂಡು ಮೆಮೊರಿ ಖಾಲಿಯಾಗಿ ಸರ್ವರ್ ಬೀಳುತ್ತೆ. ಅಂದ್ರೆ ಬೀಗ ಒಡೆಯದೇ ಅಂಗಡಿ ಮುಚ್ಚಿಸಿದ ಹಾಗೆ. ಈ ದೋಷದಿಂದ ಮಾಹಿತಿ ಕಳವಾಗಲ್ಲ, ಆದರೆ ಸೇವೆ ನಿಲ್ಲುತ್ತೆ.

ಪರಿಹಾರ ಏನು?

2.6ರಿಂದೀಚಿನ ಆವೃತ್ತಿಗಳಲ್ಲಿ ಈ ದೋಷ ಇತ್ತು. 6.2.18, 7.2.8 ಮತ್ತು 7.4.3 ಆವೃತ್ತಿಗಳಲ್ಲಿ ಸರಿಪಡಿಸಲಾಗಿದೆ. ತಕ್ಷಣ ಅಪ್‌ಡೇಟ್ ಮಾಡೋಕೆ ಆಗದಿದ್ರೆ, ಹೊರಗಿನವರು ರೆಡಿಸ್ ತಲುಪದಂತೆ ಫೈರ್‌ವಾಲ್‌ನಲ್ಲಿ ತಡೆಯಬೇಕು. ರೆಡಿಸ್ ಮಾಮೂಲಿಯಾಗಿ ಬಳಸೋ ಪೋರ್ಟ್ 6379.

ಅಂಗಡಿಯವರು ನೇರವಾಗಿ ಮಾಡೋದು ಏನೂ ಇಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಅಥವಾ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಒಂದು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ: ನಮ್ಮ ಸರ್ವರ್‌ನಲ್ಲಿ ರೆಡಿಸ್ ಇದೆಯಾ? ಯಾವ ಆವೃತ್ತಿ? ಹೊರಗಿನ ಇಂಟರ್ನೆಟ್‌ಗೆ ತೆರೆದಿದೆಯಾ? 'ಪಾಸ್‌ವರ್ಡ್ ಇದೆ, ಚಿಂತೆ ಬೇಡ' ಅಂದ್ರೆ ಅಷ್ಟಕ್ಕೇ ಫೋನ್ ಇಡಬೇಡಿ. ಈ ದೋಷಕ್ಕೆ ಪಾಸ್‌ವರ್ಡ್ ಒಂದೇ ಸಾಲಲ್ಲ.