ಟಿಪ್ಪಣಿ ಪುಸ್ತಕಕ್ಕೊಂದು ತೊಗಲಿನ ಹೊದಿಕೆ

ಕೈಚೀಲದಲ್ಲಿಟ್ಟುಕೊಂಡು ಊರೂರು ತಿರುಗುವ ಟಿಪ್ಪಣಿ ಪುಸ್ತಕದ ಆಯುಷ್ಯ ಬಹಳ ಕಡಮೆ. ಮೊದಲು ಅದರ ಮೂಲೆಗಳು ಮಡಿಸಿಕೊಳ್ಳುತ್ತವೆ. ಆಮೇಲೆ ಬೆನ್ನಿನ ಬಳಿ ರಟ್ಟು ಸೀಳುತ್ತದೆ. ಒಂದು ಮಳೆಗಾಲ ಕಳೆಯುವುದರೊಳಗೆ ಹಾಳೆಗಳು ಒಂದೊಂದಾಗಿ ಕಳಚತೊಡಗುತ್ತವೆ. ತೊಗಲಿನ ಹೊದಿಕೆಯೊಂದನ್ನು ತೊಡಿಸಿದರೆ ಪುಸ್ತಕ ಬದುಕಿಕೊಳ್ಳುತ್ತದೆ. ಅಂಥ ಹೊದಿಕೆ ಅಂಗಡಿಯಲ್ಲಿಯೂ ಸಿಗುತ್ತದೆ. ಆದರೆ ತೊಗಲಿನ ಕೆಲಸವನ್ನು ಎಂದೂ ಮಾಡದವರು ಸಹ ಎರಡು ಮೂರು ದಿನಗಳ ಬಿಡುವಿನಲ್ಲಿ ಅದನ್ನು ಸ್ವತಃ ತಯಾರಿಸಿಕೊಳ್ಳಲು ಸಾಧ್ಯ. ಅದಕ್ಕೆ ಬೇಕಾದ ಸಲಕರಣೆಗಳು ಕೆಲವೇ. ಬೇಕಾದ ತಿಳಿವಳಿಕೆ ಮಾತ್ರ ಹೊರಗಿನಿಂದ ನೋಡುವವರು ಊಹಿಸುವುದಕ್ಕಿಂತ ಹೆಚ್ಚು.

ಮೊದಲಿಗೆ ತೊಗಲೆಂದರೇನು? ಪ್ರಾಣಿಯ ಮೈಯಿಂದ ಸುಲಿದ ಹಸಿಚರ್ಮವನ್ನು ತೇವವಾಗಿ ಬಿಟ್ಟರೆ ಕೊಳೆಯುತ್ತದೆ. ಒಣಗಿಸಿದರೆ ಹಲಗೆಯಂತೆ ಬಿರುಸಾಗುತ್ತದೆ. ಎರಡು ಸ್ಥಿತಿಯಲ್ಲಿಯೂ ಅದು ನಮ್ಮ ಕೆಲಸಕ್ಕೆ ಬಾರದು. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಒಂದರೊಡನೊಂದು ಹೆಣೆದುಕೊಂಡು ಚರ್ಮವಾಗಿರುತ್ತದೆ. ಕೆಲವು ಗಿಡಮರಗಳ ತೊಗಟೆಯಲ್ಲಿಯೂ ಕಾಯಿಗಳಲ್ಲಿಯೂ ಇರುವ ಟ್ಯಾನಿನ್ ಎಂಬ ಒಗರು ಪದಾರ್ಥ ಈ ಎಳೆಗಳಿಗೆ ಅಂಟಿಕೊಂಡಾಗ ಕೊಳೆಯುವ ಗುಣ ಹೋಗಿ ಬಾಗುವ ಗುಣ ಉಳಿಯುತ್ತದೆ. ಈ ಕ್ರಿಯೆಗೇ ಹದ ಮಾಡುವುದು ಎಂದು ಹೆಸರು. ಎಳೆಯ ಅಡಕೆಯನ್ನು ಅಗಿದಾಗ ನಾಲಗೆ ಬಿಗಿದುಕೊಂಡಂತಾಗುವುದೂ ಇಂಥ ಒಗರಿನಿಂದಲೇ.

ಬಯಲುಸೀಮೆಯ ರಸ್ತೆಗಳ ಬದಿಯಲ್ಲಿ ಹಳದಿ ಹೂಗಳನ್ನು ಹೊತ್ತು ನಿಲ್ಲುವ ತಂಗಡಿ ಗಿಡವನ್ನು ನೀವು ಕಂಡಿರಬಹುದು. ಅದರ ತೊಗಟೆ ದಕ್ಷಿಣ ಭಾರತದಲ್ಲಿ ಹದ ಮಾಡುವವರಿಗೆ ಬಹುಕಾಲ ಮುಖ್ಯ ಸಾಮಗ್ರಿಯಾಗಿತ್ತು. ಅಥಣಿ, ನಿಪ್ಪಾಣಿಗಳ ಕಡೆ ತಯಾರಾಗುವ ಕೊಲ್ಲಾಪುರಿ ಚಪ್ಪಲಿಗಳ ತೊಗಲಿಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿ ಬಳಸುವುದು ರೂಢಿ. ಚರ್ಮವನ್ನೇ ಚೀಲದಂತೆ ಹೊಲಿದು, ಅದರೊಳಗೆ ಒಗರುನೀರನ್ನು ತುಂಬಿ ತೂಗುಹಾಕುವುದು ಅಲ್ಲಿನ ಹಳೆಯ ಕ್ರಮ. ನೀರು ಮೆಲ್ಲಮೆಲ್ಲನೆ ಹೊರಕ್ಕೆ ಜಿನುಗುತ್ತ ಎಳೆಎಳೆಯನ್ನೂ ಮುಟ್ಟುತ್ತದೆ. 2019ರಲ್ಲಿ ಈ ಚಪ್ಪಲಿಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಾಗ ಮಹಾರಾಷ್ಟ್ರದ 4 ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಪಾಲು ಪಡೆದವು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನ ಬಳಕೆಗೆ ಬಂದಿತು. ವಾರಗಳ ಕೆಲಸ ಒಂದೆರಡು ದಿನಗಳಿಗೆ ಇಳಿಯಿತು. ಇಂದು ಜಗತ್ತಿನಲ್ಲಿ ತಯಾರಾಗುವ ತೊಗಲಿನಲ್ಲಿ ಹೆಚ್ಚಿನ ಪಾಲು ಇದೇ. ಅದು ಮೃದುವಾದುದು, ನೀರಿಗೆ ಬೇಗನೆ ಸೋಲುವುದೂ ಇಲ್ಲ. ಆದರೂ ಹೊಸಬರು ತಮ್ಮ ಮೊದಲ ಹೊದಿಕೆಗೆ ತೊಗಟೆಯಿಂದ ಹದವಾದ, ಬಣ್ಣ ಬಳಿಯದ ತೊಗಲನ್ನೇ ಆರಿಸುವುದು ಮೇಲು. ಮಡಿಸಿದರೆ ಮಡಿಕೆ ನಿಲ್ಲುತ್ತದೆ. ಅಂಚನ್ನು ತಿಕ್ಕಿದರೆ ನಯವಾಗುತ್ತದೆ. ಕ್ರೋಮಿನ ತೊಗಲು ಈ ಎರಡಕ್ಕೂ ಒಗ್ಗದು. ಯಾವುದು ಯಾವುದೆಂದು ತಿಳಿಯುವುದು ಹೇಗೆ? ಒಂದು ಹನಿ ನೀರು ಹಾಕಿ ಉಗುರಿನಿಂದ ಒತ್ತಿ ನೋಡಬೇಕು. ತೊಗಟೆಯಿಂದ ಹದವಾದುದು ನೀರನ್ನು ಹೀರಿ ಕಪ್ಪಾಗುತ್ತದೆ, ಉಗುರಿನ ಗುರುತು ಅಚ್ಚೊತ್ತಿದಂತೆ ಉಳಿಯುತ್ತದೆ. ಕ್ರೋಮಿನ ತೊಗಲಿನಲ್ಲಿ ಆ ಗುರುತು ಮಾಯವಾಗುತ್ತದೆ. ಅದರ ಕತ್ತರಿಸಿದ ಅಂಚು ಹಲವು ವೇಳೆ ನೀಲಿ ಬೆರೆತ ಬೂದು ಬಣ್ಣದ್ದಾಗಿರುತ್ತದೆ.

ತೊಗಲು ಬಟ್ಟೆಯಂತೆ ಎಲ್ಲೆಡೆಯೂ ಒಂದೇ ಸಮನಾಗಿರುವ ವಸ್ತುವಲ್ಲ. ಪ್ರಾಣಿಯ ಬೆನ್ನಿನ ಭಾಗದ್ದು ಬಿಗಿಯಾಗಿರುತ್ತದೆ, ಹೊಟ್ಟೆಯ ಭಾಗದ್ದು ಸಡಿಲವಾಗಿ ಹಿಗ್ಗುತ್ತದೆ. ಹೊದಿಕೆಗೆ ಬೆನ್ನಿನ ಭಾಗವನ್ನೇ ಕೇಳಿ ಪಡೆಯಬೇಕು. ಕೂದಲಿದ್ದ ಹೊರಮೈಯಲ್ಲಿ ಎಳೆಗಳು ಒತ್ತಾಗಿರುತ್ತವೆ. ಮಾಂಸಕ್ಕೆ ತಾಗಿದ್ದ ಒಳಮೈ ಜುಂಗುಜುಂಗಾಗಿರುತ್ತದೆ. ಹೊರಮೈಯೇ ಹೊದಿಕೆಯ ಹೊರಗೆ ಕಾಣಬೇಕು.

ಇನ್ನು ಅಳತೆ. ಪಕ್ಕದಲ್ಲಿ ಹೊಲಿದ, 10.5 ಸೆಂ.ಮೀ. ಅಗಲ, 14.8 ಸೆಂ.ಮೀ. ಎತ್ತರ, 1 ಸೆಂ.ಮೀ. ದಪ್ಪವಿರುವ ಪುಸ್ತಕವೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೊರಗಿನ ತುಂಡೊಂದು, ರಟ್ಟುಗಳನ್ನು ಸಿಕ್ಕಿಸಲು ಎರಡು ಒಳಜೇಬುಗಳು ಬೇಕು. ಹೊಲಿಗೆ ಅಂಚಿನಿಂದ 4 ಮಿ.ಮೀ. ಒಳಗೆ ಬರುತ್ತದೆ, ಹೊಲಿಗೆಗೂ ರಟ್ಟಿಗೂ ನಡುವೆ 3 ಮಿ.ಮೀ. ಬಿಡುವು ಇರಬೇಕು. ಎರಡೂ ಬದಿಗೆ ಇದನ್ನು ಕೂಡಿದರೆ ಎತ್ತರ 16.2 ಸೆಂ.ಮೀ. ಆಗುತ್ತದೆ. ಅಗಲದ ಲೆಕ್ಕವೂ ಹೀಗೆಯೇ. ಎರಡು ರಟ್ಟುಗಳಿಗೆ 21, ಬೆನ್ನಿಗೆ 1, ಅಂಚುಗಳಿಗೆ 1.4, ತೊಗಲು ಬಾಗುವಲ್ಲಿ ವ್ಯಯವಾಗುವುದಕ್ಕೆ 0.6 ಸೇರಿ ಒಟ್ಟು 24 ಸೆಂ.ಮೀ. ಒಳಜೇಬು 6 ಸೆಂ.ಮೀ. ಅಗಲವಿದ್ದರೆ ಸಾಕು. ಹೊರತುಂಡಿಗೆ 1.5 ಮಿ.ಮೀ. ದಪ್ಪದ ತೊಗಲು, ಜೇಬುಗಳಿಗೆ 1 ಮಿ.ಮೀ. ದಪ್ಪದ್ದು ಹೊಂದುತ್ತದೆ. ಮಾರುಕಟ್ಟೆಯಲ್ಲಿ ತೊಗಲನ್ನು ಚದರಡಿಯ ಲೆಕ್ಕದಲ್ಲಿ ಮಾರುತ್ತಾರೆ. ಮೂರು ತುಂಡುಗಳೂ ಸೇರಿ ಸುಮಾರು 583 ಚದರ ಸೆಂ.ಮೀ.; ಚದರಡಿಗೆ 929. ಲೆಕ್ಕಕ್ಕೆ ಇದು ಧಾರಾಳವೇ ಸರಿ. ಆದರೆ ತೊಗಲಿನ ಅಂಚು ನೇರವಾಗಿರುವುದಿಲ್ಲ, ನಡುವೆ ಗಾಯದ ಕಲೆಗಳಿರುತ್ತವೆ. ಆದುದರಿಂದ ಸ್ವಲ್ಪ ಹೆಚ್ಚಾಗಿಯೇ ಕೊಳ್ಳಬೇಕು.

ಈ ಅಳತೆಗಳನ್ನು ನೇರವಾಗಿ ತೊಗಲಿನ ಮೇಲೆ ಪ್ರಯೋಗಿಸಬಾರದು. ಮೊದಲು ದಪ್ಪ ಕಾಗದದಲ್ಲಿ ಮಾದರಿ ಕತ್ತರಿಸಿ, ಪುಸ್ತಕಕ್ಕೆ ಸುತ್ತಿ, ಮುಚ್ಚಿ ತೆರೆದು ನೋಡಬೇಕು. ಬಟ್ಟೆಯ ಹೊಲಿಗೆ ತಪ್ಪಿದರೆ ಬಿಚ್ಚಬಹುದು. ದಾರ ತೆಗೆದ ಮೇಲೆ ನೂಲುಗಳು ಮತ್ತೆ ಕೂಡಿಕೊಂಡು ರಂಧ್ರ ಮುಚ್ಚಿಹೋಗುತ್ತದೆ. ತೊಗಲಿನಲ್ಲಿ ಒಮ್ಮೆ ಬಿದ್ದ ರಂಧ್ರ ಶಾಶ್ವತ. ಈ ಕಸುಬಿನವರು ಕತ್ತಿಯನ್ನು ಇಡುವ ಮುನ್ನ ತುಂಡನ್ನು ಅಷ್ಟು ಹೊತ್ತು ತಿರುಗಿಸಿ ತಿರುಗಿಸಿ ನೋಡುವುದು ಸಾವಕಾಶದ ಸ್ವಭಾವದಿಂದಲ್ಲ.

ಕತ್ತರಿಸಲು ಸಮಗಾರರ ರಂಪಿಗೆಯಾಗಲಿ, ಹರಿತವಾದ ಚೂರಿಯಾಗಲಿ ಆದೀತು. ಉಕ್ಕಿನ ಅಳತೆಪಟ್ಟಿಯನ್ನು ಒತ್ತಿ ಹಿಡಿದು, ಬೆರಳುಗಳನ್ನು ಚೂರಿಯ ಹಾದಿಯಿಂದ ದೂರವಿಟ್ಟು, ಹಗುರವಾಗಿ ಮೂರು ನಾಲ್ಕು ಸಲ ಎಳೆಯಬೇಕು. ಒಂದೇ ಸಲಕ್ಕೆ ಬಲ ಹಾಕಿದರೆ ತೊಗಲು ಹಿಗ್ಗಿ ಗೆರೆ ಡೊಂಕಾಗುತ್ತದೆ. ರಂಧ್ರಕ್ಕೆ ಮೊನೆಯುಳ್ಳ ಉಳಿ, ಕೆಳಗಿಡಲು ಮರದ ದಿಮ್ಮಿ, ಒಂದು ಸುತ್ತಿಗೆ, ಎರಡು ಸೂಜಿ, ದಾರ, ಜೇನುಮೇಣ: ಉಳಿದ ಸಲಕರಣೆಗಳು ಇಷ್ಟೆ.

ಇವು ಇಂದು ನಿನ್ನೆಯ ಉಪಕರಣಗಳಲ್ಲ. ಶರಣ ಮಾದಾರ ಚೆನ್ನಯ್ಯನ ಹೆಸರಿನಲ್ಲಿ ದೊರೆತಿರುವ ವಚನಗಳ ಅಂಕಿತದೊಳಗೇ ಕೈಯುಳಿ, ಕತ್ತಿ, ಅಡಿಗೂಟಗಳು ಸೇರಿವೆ. ದೇವರ ಹೆಸರಿನ ಪಕ್ಕದಲ್ಲಿ ತನ್ನ ಕಸುಬಿನ ಉಪಕರಣಗಳನ್ನು ನಿಲ್ಲಿಸಲು ಆತ ಸಂಕೋಚಪಡಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚರ್ಮ ಹದ ಮಾಡುವ ಡೋಹರ ಕಕ್ಕಯ್ಯ, ಪಾದರಕ್ಷೆ ಹೊಲಿಯುವ ಸಮಗಾರ ಹರಳಯ್ಯ ಇಬ್ಬರೂ ಬಸವಣ್ಣನವರ ಒಡನಾಡಿಗಳು. ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆ ನಡೆದುದಕ್ಕಾಗಿ ಆ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತೆಂದು ಶರಣರ ಕಥೆಗಳು ಹೇಳುತ್ತವೆ. ಆ ಬಳಿಕವೂ ಶತಮಾನಗಳ ಕಾಲ ಊರಿಗೆಲ್ಲ ಚಪ್ಪಲಿ, ಮಿಣಿ, ಬಾವಿಯ ಕಪಿಲೆಯ ಚೀಲಗಳನ್ನು ಒದಗಿಸಿದವರು ಊರ ಹೊರಗೇ ಉಳಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಕಸುಬಿಗೆ ಅಂಟಿದ ತಾತ್ಸಾರ ಅಷ್ಟು ಬೇಗ ಹೋಗಲಿಲ್ಲ. ಓದುಬರಹವುಳ್ಳವರು ಈ ಕೆಲಸವನ್ನು ಮುಟ್ಟದೆ ದೂರ ನಿಂತರು. ಈ ಕೆಲಸ ಬಲ್ಲವರನ್ನು ಓದುಬರಹದಿಂದ ದೂರ ನಿಲ್ಲಿಸಿದರು. ಪುಸ್ತಕವೂ ತೊಗಲೂ ಒಂದೇ ಕೈಯಲ್ಲಿ ಕೂಡುವ ಈ ಪುಟ್ಟ ಕೆಲಸದಲ್ಲಿ ಅದು ನೆನಪಾಗದೆ ಇರದು.

ಹೊಲಿಗೆಗೆ ಬರೋಣ. ಒಳಜೇಬುಗಳ ಮೂರು ಅಂಚುಗಳಿಗೆ ತೆಳುವಾಗಿ ಅಂಟು ಸವರಿ ಹೊರತುಂಡಿನ ಒಳಮೈಗೆ ಕೂರಿಸಬೇಕು. ಬೆನ್ನಿನ ಕಡೆಯ ಅಂಚು ತೆರೆದಿರಬೇಕು. ಅಂಚಿನಿಂದ 4 ಮಿ.ಮೀ. ಒಳಗೆ ಗೆರೆಯೆಳೆದು, 5 ಮಿ.ಮೀ.ಗೆ ಒಂದರಂತೆ ಚುಕ್ಕಿಯಿಟ್ಟು, ಚುಕ್ಕಿಗಳ ಮೇಲೆ ಉಳಿಯನ್ನು ನೆಟ್ಟಗೆ ಹಿಡಿದು ರಂಧ್ರ ಮಾಡಬೇಕು. ಉಳಿ ಓರೆಯಾದರೆ ಹಿಂಬದಿಯ ಸಾಲು ಹಾವಿನಂತೆ ಹರಿಯುತ್ತದೆ. ಒಂದು ಜೇಬಿನ ಹೊಲಿಗೆಯ ಉದ್ದ ಸುಮಾರು 28 ಸೆಂ.ಮೀ. ದಾರ ಅದರ ನಾಲ್ಕರಷ್ಟು, ಕೈಹಿಡಿತಕ್ಕೆ ಸ್ವಲ್ಪ ಹೆಚ್ಚು. ಎಂದರೆ 120 ಸೆಂ.ಮೀ. ಬೇಕು. ಅದನ್ನು ಮೇಣದ ಮೇಲೆ ಎರಡು ಸಲ ಎಳೆದು, ಎರಡೂ ತುದಿಗಳಿಗೆ ಒಂದೊಂದು ಸೂಜಿ ಪೋಣಿಸಬೇಕು.

ಮೊದಲ ರಂಧ್ರದಲ್ಲಿ ಒಂದು ಸೂಜಿಯನ್ನು ತೂರಿಸಿ, ಎರಡೂ ಬದಿಯ ದಾರ ಸಮನಾಗುವಂತೆ ಎಳೆದುಕೊಳ್ಳಬೇಕು. ಮುಂದಿನ ಪ್ರತಿಯೊಂದು ರಂಧ್ರದಲ್ಲಿಯೂ ಎರಡು ಸೂಜಿಗಳು ಎದುರುಬದುರಾಗಿ ಹಾಯುತ್ತವೆ: ಎಡಗೈಯದು ಬಲಕ್ಕೆ, ಬಲಗೈಯದು ಎಡಕ್ಕೆ. ಕುದುರೆಯ ಜೀನು ಹೊಲಿಯುವವರು ರೂಢಿಸಿಕೊಂಡ ಹೊಲಿಗೆಯಿದು. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ತಂತಮ್ಮ ಬದಿಯಲ್ಲಿಯೇ ಉಳಿದು ತೊಗಲಿನ ನಡುವೆ ಒಂದನ್ನೊಂದು ಕೊಕ್ಕೆಯಂತೆ ಹಿಡಿದಿರುತ್ತವೆ. ಒಂದು ಹರಿದರೆ ಇನ್ನೊಂದಕ್ಕೆ ಆಸರೆ ತಪ್ಪಿ ಸಾಲು ಬಿಚ್ಚಿಕೊಳ್ಳುತ್ತದೆ. ಕೈಹೊಲಿಗೆಯಲ್ಲಾದರೋ ದಾರದ ಎರಡು ಅರ್ಧಗಳೂ ತೊಗಲನ್ನು ದಾಟಿ ದಾಟಿ ಹೋಗುತ್ತವೆ. ಒಂದೆಡೆ ಒಂದು ಸವೆದು ತುಂಡಾದರೂ ಇನ್ನೊಂದು ತನ್ನಷ್ಟಕ್ಕೆ ತಾನೇ ಬಿಗಿಯಾಗಿರುತ್ತದೆ. ಕೈಯಿಂದ ಹೊಲಿದುದು ಗಟ್ಟಿ ಎಂಬ ಮಾತು ಬರಿಯ ಅಭಿಮಾನದ್ದಲ್ಲ. ಅದಕ್ಕೆ ಈ ಕಾರಣವಿದೆ. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಪ್ರತಿಸಲವೂ ಒಂದೇ ಕೈಯ ಸೂಜಿ ಮೊದಲು ಹೋಗಬೇಕು, ಎಳೆತ ಒಂದೇ ಸಮನಾಗಿರಬೇಕು. ಕೊನೆಗೆ ಎರಡು ಮೂರು ರಂಧ್ರ ಹಿಂದಕ್ಕೆ ಹೊಲಿದು ದಾರವನ್ನು ಕತ್ತರಿಸಬಹುದು. ಗಂಟು ಬೇಕಿಲ್ಲ.

ಬಳಿಕ ಬೆನ್ನಿನ ಒಳಮೈಯನ್ನು ಒದ್ದೆ ಬಟ್ಟೆಯಿಂದ ತುಸು ನೆನೆಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಪುಸ್ತಕವನ್ನು ಒಳಗಿಟ್ಟು ಮಡಿಸಿ, ಮೇಲೆ ಭಾರ ಹೇರಿ ನೆರಳಿನಲ್ಲಿ ಒಣಗಿಸಬೇಕು. ಆಗ ತೇವವಿರುವ ತೊಗಲಿಗೆ ಕಬ್ಬಿಣ ತಾಗಬಾರದು. ತಾಗಿದರೆ ಒರೆಸಿದರೂ ಹೋಗದ ಕಪ್ಪು ಕಲೆ ಬೀಳುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣದ ಲವಣವಾದ ಅನ್ನಭೇದಿಯನ್ನು ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದರಲ್ಲವೆ? ಇಲ್ಲಿ ನಡೆಯುವುದೂ ಅದೇ ರಾಸಾಯನಿಕ ಕ್ರಿಯೆ. ಹೊದಿಕೆಯ ಹದವೂ ಹಾಳೆಯ ಮೇಲಿನ ಅಕ್ಷರವೂ ಒಂದೇ ಒಗರಿನಿಂದ ಹುಟ್ಟಿದ್ದ ಕಾಲವದು.

ಅಂಚುಗಳಿಗೆ ನೀರು ಸವರಿ ನಯವಾದ ಮರದ ತುಂಡಿನಿಂದ ಜೋರಾಗಿ ತಿಕ್ಕಿದರೆ, ಉಜ್ಜಿದ ಬಿಸಿಗೆ ಎಳೆಗಳು ಒತ್ತಿಕೊಂಡು ಹೊಳಪು ಬರುತ್ತದೆ. ಹರಳೆಣ್ಣೆಯನ್ನು ಬಟ್ಟೆಗೆ ಹಚ್ಚಿ ಹೊರಮೈಗೆ ಸವರಬಹುದು. ಒಂದೆರಡು ಹನಿ ಸಾಕು, ಹೆಚ್ಚಾದರೆ ಹಾಳೆಗಳಿಗೆ ಇಳಿಯುತ್ತದೆ. ಮೊದಲು ತಿಳಿ ಗೋದಿಬಣ್ಣಕ್ಕಿರುವ ತೊಗಲು ಬಿಸಿಲು, ಗಾಳಿ, ಕೈಯ ಜಿಡ್ಡುಗಳಿಂದ ತಿಂಗಳು ತಿಂಗಳಿಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಒಳಗಿನ ಪುಸ್ತಕ ಬರೆದು ತುಂಬಿದ ಮೇಲೆ ರಟ್ಟುಗಳನ್ನು ಜೇಬುಗಳಿಂದ ಜಾರಿಸಿ ತೆಗೆದು, ಅದೇ ಅಳತೆಯ ಹೊಸದೊಂದನ್ನು ಸೇರಿಸಿದರಾಯಿತು.