ಸೈನಿಕ ಶಿರಸ್ತ್ರಾಣಗಳ ಸಂಗ್ರಹ ಮತ್ತು ಸಂರಕ್ಷಣೆ

ನಮ್ಮ ನಾಡಿನಲ್ಲಿ ತಲೆಯ ರುಮಾಲು ಬಿಸಿಲಿಗೆ ಆಸರೆ ಮಾತ್ರವಲ್ಲ, ಮಾನದ ಗುರುತೂ ಹೌದು. ಸೈನಿಕನಿಗಂತೂ ಶಿರಸ್ತ್ರಾಣವು ಅವನ ದಳವನ್ನೂ ದರ್ಜೆಯನ್ನೂ ದೂರದಿಂದಲೇ ಸಾರುವ ಲಾಂಛನ. ಆದುದರಿಂದ ಇವುಗಳ ಸಂಗ್ರಹವು ಬರಿಯ ಹವ್ಯಾಸವಲ್ಲ. ಅದು ಇತಿಹಾಸದ ಸೇವೆ.

ನಮ್ಮ ಸೀಮೆಗೆ ಈ ವಿಷಯ ಹೊರಗಿನದಲ್ಲ. ಚನ್ನಗಿರಿಯಲ್ಲಿ ಜನಿಸಿದ ಧೋಂಡಿಯಾ ವಾಘನು 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಸೆರೆಯಿಂದ ಹೊರಬಂದು, ಟಿಪ್ಪುವಿನ ಚದುರಿದ ಸವಾರರನ್ನು ಕೂಡಿಸಿಕೊಂಡು ಬ್ರಿಟಿಷರೊಡನೆ ಹೋರಾಡಿ, 1800ರ ಸೆಪ್ಟೆಂಬರಿನಲ್ಲಿ ಮಡಿದನು. ಚನ್ನಗಿರಿ ಬೆಟ್ಟದ ಮೇಲೆ ಕೋಟೆಯ ಕಲ್ಲು ಉಳಿದಿದೆ. ಆದರೆ ಬಟ್ಟೆಗೆ ಕಲ್ಲಿನ ಆಯುಷ್ಯವಿಲ್ಲ. ಮುಂದೆ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದಿತು. ದೆಹಲಿಯ ತೀನ್‌ಮೂರ್ತಿ ಸ್ಮಾರಕದ ಪ್ರತಿಮೆಗಳಲ್ಲೊಂದು ಮೈಸೂರಿನ ಸವಾರನದು. ಅಲ್ಲಿ ಅವನು ರುಮಾಲುಧಾರಿಯಾಗಿಯೇ ನಿಂತಿದ್ದಾನೆ.

ಹಳೆಯ ಶಿರಸ್ತ್ರಾಣ ದೊರೆತಾಗ ಮೊದಲು ಬಿಲ್ಲೆಯನ್ನು ನೋಡಬೇಕು. ಬ್ರಿಟಿಷ್ ಕಿರೀಟವಿದ್ದರೆ ಅದು ಸಾಮಾನ್ಯವಾಗಿ ಗಣರಾಜ್ಯಕ್ಕೆ ಹಿಂದಿನದು. ಅಶೋಕ ಸಿಂಹಗಳಿದ್ದರೆ ಅನಂತರದ್ದು. ಗಂಡಭೇರುಂಡವಿದ್ದಲ್ಲಿ ಎಚ್ಚರ ಅಗತ್ಯ. ಅದು ಮೈಸೂರು ಸಂಸ್ಥಾನದ ಲಾಂಛನವಾಗಿತ್ತು. ಇಂದು ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಇದೆ. ಬಿಲ್ಲೆಯೊಂದರಿಂದಲೇ ನಿರ್ಣಯಕ್ಕೆ ಬರಲಾಗದು. ಒಳಪಟ್ಟಿಯ ಮುದ್ರೆ, ತಯಾರಕರ ಹೆಸರು, ಹೊಲಿಗೆ ಇವೆಲ್ಲವನ್ನೂ ಪರಿಶೀಲಿಸಬೇಕು.

ಸಂರಕ್ಷಣೆಯಲ್ಲಿ ಅತಿಯಾದ ಶುಚಿತ್ವವೇ ಹಲವೊಮ್ಮೆ ಶತ್ರು. ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹುಳಿಯಿಂದ ತಿಕ್ಕಿದರೆ ಹೊಳಪು ಬರುವುದು, ಅಕ್ಷರ ಸವೆಯುವುದು. ಕಟ್ಟಿದ ರುಮಾಲನ್ನು ಬಿಚ್ಚಿ ಒಗೆಯಬಾರದು. ಅದರ ಮಡಿಕೆಯೇ ಒಂದು ದಾಖಲೆ. ಬೆಂಡಿನ ಟೋಪಿಗೆ ತೇವ ತಗಲಬಾರದು. ಉಣ್ಣೆಯ ಟೋಪಿಗೆ ನುಸಿಯ ಭಯವುಂಟು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಒಗೆದ ಬಿಳಿಯ ಹತ್ತಿಬಟ್ಟೆಯನ್ನು ಒಳಗೆ ತುಂಬಿ ಆಕಾರ ಕೆಡದಂತೆ, ನೇರ ಬಿಸಿಲು ಬೀಳದ ಕಪಾಟಿನಲ್ಲಿ ಇಡುವುದು ಲೇಸು.

ಇವೆಲ್ಲಕ್ಕಿಂತ ಮುಖ್ಯವಾದುದು ಬರಹ. ಯಾರದು, ಯಾವ ದಳ, ಯಾವ ಊರು, ಯಾವ ವರ್ಷ, ಯಾರು ಕೊಟ್ಟರು ಎಂಬ ಐದು ವಿವರಗಳಿಲ್ಲದ ಟೋಪಿ ಅಂಗಡಿಯ ಸರಕು. ಅವುಗಳಿದ್ದರೆ ಅದೇ ಒಂದು ಮನೆತನದ ಚರಿತ್ರೆ. 1972ರ ಪುರಾವಸ್ತು ಕಾಯಿದೆಯಂತೆ ನೂರು ವರ್ಷ ದಾಟಿದ ಇಂತಹ ಚಾರಿತ್ರಿಕ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂಬುದೂ ಸಂಗ್ರಾಹಕರಿಗೆ ತಿಳಿದಿರಬೇಕು.

ನಿತ್ಯದ ವಸ್ತುವು ಪುರಾತನವಾಗಲು ಬಹುಕಾಲ ಬೇಕಿಲ್ಲ. ನಮ್ಮ ರಾಜ್ಯದ ಪೊಲೀಸ್ ಪೇದೆಗಳ ಅಂಚು ಮಡಿಸಿದ ಟೋಪಿಗೆ ಬದಲಾಗಿ 2025ರ ಅಕ್ಟೋಬರಿನಲ್ಲಿ ಹೊಸ ಮಾದರಿಯ ಟೋಪಿ ಬಂದಿತು. ತಲೆಮಾರುಗಳು ಕಂಡ ವಸ್ತುವೊಂದು ಹೀಗೆ ಕಣ್ಣೆದುರಿಗೇ ಸಂಗ್ರಹಯೋಗ್ಯವಾಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಸೈನ್ಯದಲ್ಲಿ ದುಡಿದವರ ಮನೆಗಳ ಅಟ್ಟ, ಟ್ರಂಕುಗಳನ್ನು ಒಮ್ಮೆ ತೆರೆದು ನೋಡಬೇಕಾಗಿದೆ. ನೆನಪಿರುವ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಅವರ ತರುವಾಯ ವಸ್ತು ಉಳಿದರೂ ಅದರ ಮಾತು ಉಳಿಯದು. ಶಾಲೆಗೊಂದು ಗಾಜಿನ ಕಪಾಟು, ಒಂದು ದಾಖಲೆ ಪುಸ್ತಕ ಇದಕ್ಕೆ ಸಾಕು. ಕಪಾಟನ್ನು ದಾನಿಗಳು ಒದಗಿಸಬಹುದು, ವಸ್ತುವನ್ನು ಹಳೆಯ ವಿದ್ಯಾರ್ಥಿಗಳು ತರಬಹುದು, ಬರಹವನ್ನು ಅಧ್ಯಾಪಕರ ಮಾರ್ಗದರ್ಶನದಲ್ಲಿ ಮಕ್ಕಳೇ ಮಾಡಬಹುದು. ಸೈನಿಕನ ದುಡಿಮೆಯೂ ಕಾಯಕವೇ. ಆ ಕಾಯಕದ ಕುರುಹನ್ನು ಕಾಯ್ದಿಡುವುದು ಸಮಾಜಕ್ಕೆ ನಾವು ಸಲ್ಲಿಸಬಹುದಾದ ದಾಸೋಹ.