ಕೈಕಸುಬಿಗೆ ಬರಹದ ಬಲ: ಭಾಗಮಂಡಲದ ಜೇನು ಕೃಷಿಯ ನಿದರ್ಶನ

ವೃತ್ತಿ ಶಿಕ್ಷಣವೆಂದೊಡನೆ ಯಂತ್ರ, ಉಪಕರಣ ಹಾಗೂ ಕೈಚಳಕಗಳೇ ನೆನಪಿಗೆ ಬರುತ್ತವೆ. ಬರವಣಿಗೆಯು ಗುಮಾಸ್ತರ ಕೆಲಸವೆಂಬ ಭಾವನೆ ಇಂದಿಗೂ ಬಲವಾಗಿದೆ. ಆದರೆ ಕಲಿತ ಕಸುಬು ಉದ್ಯಮವಾಗಿ ನೆಲೆ ನಿಲ್ಲಬೇಕಾದರೆ, ಮಾಡಿದ ಕೆಲಸವನ್ನು ಅಂದಂದೇ ಬರೆದಿಡುವುದೂ ಆ ಕಸುಬಿನ ಅಂಗವಾಗಬೇಕು.

ಕೊಡಗಿನ ಭಾಗಮಂಡಲದಲ್ಲಿ ತೋಟಗಾರಿಕೆ ಇಲಾಖೆಯ ಜೇನು ಕೃಷಿ ತರಬೇತಿ ಕೇಂದ್ರವಿದೆ. ಪೆಟ್ಟಿಗೆ ಪರಿಶೀಲನೆ, ರಾಣಿ ನೊಣವನ್ನು ಗುರುತಿಸುವುದು, ಕುಟುಂಬ ವಿಭಜನೆ ಮುಂತಾದವು ಕೈಯಿಂದಲೇ ಕಲಿಯಬೇಕಾದ ವಿದ್ಯೆಗಳು. ಆದರೆ ಯಾವ ಪೆಟ್ಟಿಗೆಯ ರಾಣಿ ಯಾವಾಗ ಬದಲಾಯಿತು, ಮಳೆಗಾಲದಲ್ಲಿ ಎಷ್ಟು ಸಕ್ಕರೆ ಪಾಕ ನೀಡಲಾಯಿತು, ಕಾಫಿ ಹೂವಿನ ನಂತರ ಎಷ್ಟು ಜೇನು ದೊರೆಯಿತು ಎಂಬುದನ್ನು ನೆನಪಿಗೇ ಬಿಡಲಾಗದು. ಐದು ಪೆಟ್ಟಿಗೆಗಳಿಗೆ ನೆನಪು ಸಾಕು. ಐವತ್ತಕ್ಕೆ ಪುಸ್ತಕವೇ ಬೇಕು.

ಇದರ ಮಹತ್ವವನ್ನು ಸಂಕಷ್ಟಕಾಲವೇ ತೋರಿಸುತ್ತದೆ. 1991-92ರಲ್ಲಿ ಕಾಣಿಸಿಕೊಂಡ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳನ್ನು ಅಪಾರ ಪ್ರಮಾಣದಲ್ಲಿ ನಾಶಮಾಡಿತು. ವೈರಾಣು ರೋಗಕ್ಕೆ ಔಷಧವಿಲ್ಲದಿರುವಾಗ, ಉಳಿದ ಸದೃಢ ಕುಟುಂಬಗಳಿಂದಲೇ ಹೊಸ ಕುಟುಂಬಗಳನ್ನು ಬೆಳೆಸಬೇಕಾಗುತ್ತದೆ. ಯಾವ ರಾಣಿಯ ಸಂತತಿ ತಾಳಿಕೊಂಡಿತೆಂಬುದನ್ನು ಪೆಟ್ಟಿಗೆಗೊಂದರಂತೆ ಮೀಸಲಿಟ್ಟ ಪುಟವಷ್ಟೇ ಖಚಿತವಾಗಿ ಹೇಳಬಲ್ಲದು.

ಮಾರುಕಟ್ಟೆಯಲ್ಲಿಯೂ ಬರಹವೇ ಸಾಕ್ಷಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಮಾನದಂಡದಂತೆ ಜೇನಿನ ತೇವಾಂಶ ಶೇಕಡಾ 20ನ್ನು ಮೀರುವಂತಿಲ್ಲ. ಬಾಟಲಿಯ ಮೇಲೆ ಬ್ಯಾಚ್ ಸಂಖ್ಯೆ ಇರಬೇಕು. ಜೇನು ತೆಗೆದ ದಿನಾಂಕ, ಪೆಟ್ಟಿಗೆಗಳ ಸಂಖ್ಯೆ, ತೇವಾಂಶದ ಅಳತೆ ಹಾಗೂ ಕೊಂಡವರ ವಿವರಗಳು ರಿಜಿಸ್ಟರಿನಲ್ಲಿದ್ದರೆ ದೂರು ಬಂದಾಗ ಒಂದು ಬ್ಯಾಚನ್ನು ಮಾತ್ರ ಹಿಂಪಡೆಯಬಹುದು. ಇಲ್ಲವಾದರೆ ಇಡೀ ವರ್ಷದ ಸರಕು ಸಂಶಯಕ್ಕೆ ಗುರಿಯಾಗುತ್ತದೆ.

ಈ ತತ್ತ್ವವು ಎಲ್ಲ ಕಾರ್ಯಾಗಾರಗಳಿಗೂ ಅನ್ವಯಿಸುತ್ತದೆ. 1961ರ ಅಪ್ರೆಂಟಿಸ್ ಕಾಯ್ದೆಯು ತರಬೇತಿಯ ಪ್ರಗತಿಯ ದಾಖಲೆಯನ್ನು ಮಾಲೀಕರೇ ಇಡಬೇಕೆಂದು ವಿಧಿಸಿದೆ. ಅಪ್ರೆಂಟಿಸರು ಬರೆಯುವ ದಿನಚರಿಯನ್ನು ಸಹಿಗಷ್ಟೇ ಸೀಮಿತಗೊಳಿಸಿದರೆ ಅದರ ಉದ್ದೇಶವೇ ವಿಫಲವಾಗುತ್ತದೆ. ಜಿ.ಎಸ್.ಟಿ. ನೋಂದಣಿ ಉಳ್ಳವರು ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಅಂತಿಮ ದಿನದಿಂದ 72 ತಿಂಗಳವರೆಗೆ ಕಾಪಾಡಬೇಕು. ದಿನದ ಟಿಪ್ಪಣಿ ಸರಿಯಿಲ್ಲದಿದ್ದರೆ ವರ್ಷಾಂತ್ಯದ ಲೆಕ್ಕವೂ ಸರಿಯಿರದು.

ಇದಕ್ಕೆ ಪಾಂಡಿತ್ಯ ಬೇಕಿಲ್ಲ. ದಿನಾಂಕ, ಮಾಡಿದ ಕೆಲಸ, ಕಂಡ ದೋಷ, ಕೈಗೊಂಡ ಕ್ರಮ ಎಂಬ ನಾಲ್ಕು ಕಲಮುಗಳು ಸಾಕು. ಕೆಲಸಗಾರನೇ ತನಗೆ ತಿಳಿದ ಕನ್ನಡದಲ್ಲಿ ಬರೆಯಲಿ; ಮಾಲೀಕರು ವಾರಕ್ಕೊಮ್ಮೆ ಅದನ್ನು ಓದಿ, ಅವನೊಂದಿಗೆ ಚರ್ಚಿಸಲಿ. ನುರಿತ ಕೆಲಸಗಾರನು ನಿವೃತ್ತನಾದರೂ ಅವನ ಅನುಭವವು ಸಂಸ್ಥೆಯಲ್ಲಿಯೇ ಉಳಿಯಲು ಇದಕ್ಕಿಂತ ಕಡಿಮೆ ಖರ್ಚಿನ ಮಾರ್ಗ ಬೇರೊಂದಿಲ್ಲ.